ಸೂರ್ಯೋದಯಕ್ಕೆ ಮೊದಲಿನ ಶನಿವಾರ

ಮಾನ್ವಿಯ ಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ಕಾಲದಲ್ಲಿ ನಾನು ಮಕ್ಕಳಿಂದ ಅರಿಷಡ್ವರ್ಗಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಕಾಮ ಕ್ರೋಧಗಳನ್ನು ವಿಸ್ತಾರವಾಗಿ ವಿವರಿಸುತ್ತಿದ್ದೆ. ಕೊನೆಯದಾದ ಮಾತ್ಸರ್ಯಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಆ ಆರನೆಯದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ, ರಾಯಚೂರಿನ ನಮ್ಮ ಮನೆಯಲ್ಲಿ, ಮೊಮ್ಮಗಳ ದೆಸೆಯಿಂದ.

ಅವಳು ಇಲ್ಲಿಯೇ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಅವಳೂ ಅವಳ ಗೆಳತಿಯರೂ ಸೇರಿ ಮೀನುಗಾರರಿಗಾಗಿ ಒಂದು ವೆಬ್ ಅಪ್ಲಿಕೇಶನ್ ಕಟ್ಟಿದರು. ಯಾವಾಗ ನದಿಗಿಳಿದರು, ಎಲ್ಲಿ ಬಲೆ ಬಿಟ್ಟರು, ಯಾವಾಗ ದಡಕ್ಕೆ ಬಂದರು, ಯಾವ ಮೀನು ಎಷ್ಟು ಸಿಕ್ಕಿತು ಎಂಬುದನ್ನೆಲ್ಲ ಫೋನಿನಲ್ಲಿ ಬರೆದಿಡುವ ವ್ಯವಸ್ಥೆ ಅದು. ನಮ್ಮ ಮನೆಯಲ್ಲಿ ಮೀನಿನ ಪ್ರಸ್ತಾಪ ಬರುತ್ತಿದ್ದದ್ದು ಮತ್ಸ್ಯಾವತಾರದ ಕಥೆಯಲ್ಲಿ ಮಾತ್ರ. ಆದರೂ ನಾನು ಆಕ್ಷೇಪಿಸಲಿಲ್ಲ. ನನ್ನನ್ನು ಚುಚ್ಚಿದ್ದು ಬೇರೆ.

ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ, ನನ್ನ ಓರಗೆಯ ಮೀನುಗಾರರೊಬ್ಬರಿದ್ದಾರೆ. ಮೊಮ್ಮಗಳು ಪ್ರತಿ ಭಾನುವಾರ ಬಸ್ಸು ಹಿಡಿದು ಅವರ ಬಳಿಗೆ ಹೋಗತೊಡಗಿದಳು. ಚಿಕ್ಕಂದಿನಲ್ಲಿ ಅವಳು ಬೆಳಿಗ್ಗೆ ನನ್ನ ಮಗ್ಗುಲಲ್ಲಿ ಕುಳಿತು ಪಂಚಾಂಗ ಕೇಳುತ್ತಿದ್ದಳು. ತಿಥಿ, ವಾರ ಮುಗಿದು ನಕ್ಷತ್ರಕ್ಕೆ ಬರುವಾಗ ಆಕಳಿಸುತ್ತಿದ್ದಳು. ಈಗ ಊಟಕ್ಕೆ ಕುಳಿತಾಗ ಅವಳೇ ಹೇಳುತ್ತಿದ್ದಳು: “ಮಘಿ ಮಳಿ ಆದಮ್ಯಾಲೆ ಹೊಸ ನೀರಿಗೆ ಮೀನು ಏರತಾವಂತ ತಾತ. ಅಜ್ಜ ಹೇಳ್ಯಾರ.” ಮಘಾ ನಕ್ಷತ್ರದ ಹೆಸರನ್ನು ಆ ಮಗುವಿಗೆ ಹೇಳಿಕೊಟ್ಟವನು ನಾನು. ಅದು ಅವಳ ಮನಸ್ಸಿನಲ್ಲಿ ನಿಂತದ್ದು ಅವರ ಮಾತಿನಿಂದ. ಮನೆಯಲ್ಲಿ ನಾನು ತಾತ. ಅಜ್ಜ ಎಂಬ ಸ್ಥಾನ ಖಾಲಿ ಇತ್ತು. ಅದನ್ನು ಅವಳು ಅವರಿಗೆ ಕೊಟ್ಟಿದ್ದಳು.

ಅಪ್ಲಿಕೇಶನ್ ಹಾಕಿಕೊಡುವ ಮುನ್ನ ಒಂದು ತಿಂಗಳು ಹಾಳೆಗಳ ಮೇಲೆ ಪರೀಕ್ಷೆ ನಡೆದಿತ್ತು. ಆ ಹಾಳೆಗಳನ್ನು ಅವಳು ಒಂದು ಸಂಜೆ ಪಡಸಾಲೆಯಲ್ಲಿ ಹರಡಿಕೊಂಡು ತಲೆ ಕೆಡಿಸಿಕೊಂಡಿದ್ದಳು.

“ಅಜ್ಜಗ ಮರವು ಬಂದದ ಅನಸ್ತದ ತಾತ. ನೋಡ್ರಿ, ಶನಿವಾರ ಸಂಜಿ ಆರಕ್ಕ ಹೋಗಿ ಶನಿವಾರ ಮುಂಜಾನಿ ಐದಕ್ಕ ಬಂದೆ ಅಂತ ಹೇಳ್ಯಾರ. ಹೋಗೂದಕ್ಕಿಂತ ಮೊದಲ ಹೆಂಗ ಬರ್ತಾರ? ಅವರ ಎಲ್ಲಾ ಹಾಳಿನೂ ಹಿಂಗ ಅವ.”

“ಈಗೇನು ಮಾಡ್ತೀರಿ?”

“ಅವರ ಹಾಳಿ ಬಿಟ್ಟು, ಬ್ಯಾರೆಯವರವಷ್ಟ ಹಾಕೋಣು ಅಂತಾರ ಗೆಳತ್ಯಾರು.”

ನನಗೆ ಆ ಕ್ಷಣವೇ ತಿಳಿಯಿತು. ಅರುಣೋದಯದಲ್ಲಿ ಸ್ನಾನ ಮಾಡುವ ನಾನು ದಿನವೂ ಪಾಲಿಸುವ ಲೆಕ್ಕವೇ ಅದು: ಸೂರ್ಯೋದಯವಾಗುವವರೆಗೆ ಹಿಂದಿನ ವಾರವೇ ನಡೆಯುತ್ತಿರುತ್ತದೆ. ಶನಿವಾರ ಸಂಜೆ ಬಲೆ ಬಿಟ್ಟವರು ಹೊತ್ತು ಮೂಡುವ ಮೊದಲೇ ದಡ ಸೇರಿದರೆ ಅವರ ಪಾಲಿಗೆ ಅದಿನ್ನೂ ಶನಿವಾರ. ಮಧ್ಯರಾತ್ರಿಗೆ ದಿನ ಬದಲಾಗುವುದು ಯಂತ್ರಕ್ಕೆ. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕಾಗಿತ್ತು.

ನಾನು ಹೇಳಲಿಲ್ಲ. “ವಯಸ್ಸಾದ ಮ್ಯಾಲೆ ಹಂಗ ಆಗ್ತದ,” ಎಂದೆ. ಎಂದು ಜಪಮಾಲೆ ತೆಗೆದುಕೊಂಡೆ. ಆ ಸಂಜೆಯ ಜಪದಲ್ಲಿ ನನಗೆ ಸಿಕ್ಕ ಸಮಾಧಾನವು ಭಗವಂತನಿಂದ ಬಂದದ್ದಲ್ಲವೆಂದು ನನಗೆ ಗೊತ್ತಿತ್ತು.

ಹದಿನೈದು ದಿನಗಳ ಬಳಿಕ ಅಪ್ಲಿಕೇಶನ್ ಹಾಕಿಕೊಡಲು ಹೊರಟಾಗ ಅವಳು ನನ್ನನ್ನೂ ಕರೆದಳು. ನದೀಸ್ನಾನವಾಗುತ್ತದೆಂಬ ಆಸೆಗೆ ಹೋದೆ. ಆ ಹಿರಿಯರು ದಂಡೆಯಲ್ಲಿ ಕಾಯುತ್ತಿದ್ದರು.

“ಬರ್ರಿ ಆಚಾರ್ರ. ಇತ್ತಾಗ ನಾವು ಬಲಿ ತೊಳಿಯಂಗಿಲ್ಲ. ನಿಮಗಂತ ಈ ಕಲ್ಲು ತಿಕ್ಕಿ ಇಟ್ಟೀನಿ. ನೀರು ಹರಿಯೂದು ಇಲ್ಲೇ ಚಲೋ.”

ಆ ಕಲ್ಲಿನ ಮೇಲೆ ನಿಂತು ಅರ್ಘ್ಯ ಕೊಟ್ಟೆ. ಮಂತ್ರ ತಪ್ಪಲಿಲ್ಲ, ಮನಸ್ಸು ನಿಲ್ಲಲಿಲ್ಲ.

ಮೀನುಗಾರರ ಸಂಘದ ಕೋಣೆಯಲ್ಲಿ ಮೊಮ್ಮಗಳು ಲ್ಯಾಪ್‌ಟಾಪ್ ತೆರೆದು, ಬೇಕಾದದ್ದನ್ನೆಲ್ಲ ಜೋಡಿಸಿ, ಅವರ ಫೋನಿನ ಪರದೆಯ ಮೇಲೆ ಅಪ್ಲಿಕೇಶನ್ನಿನ ಗುರುತನ್ನು ಕೂಡಿಸಿದಳು. ಹಿಂದಿನ ಸಂಜೆ ಹೋಗಿ ಬಂದದ್ದನ್ನು ಅವರೇ ತುಂಬಲಿ ಎಂದಳು. ಅವರು ದಪ್ಪ ಬೆರಳಿನಿಂದ ನಿಧಾನವಾಗಿ ಒತ್ತಿದರು: ಹೋದದ್ದು ಶನಿವಾರ ಸಂಜೆ, ಬಂದದ್ದು ಶನಿವಾರ ಮುಂಜಾನೆ. ಪರದೆಯ ಮೇಲೆ ಕೆಂಪಕ್ಷರ ಮೂಡಿತು.

“ಇದು ಬ್ಯಾಡ ಅನ್ನಾಕತ್ತದಲ್ಲ ಯವ್ವಾ?”

“ಬಂದದ್ದು ಇವತ್ತಲ್ಲ ಅಜ್ಜಾ? ಇವತ್ತು ಐತವಾರ.”

ಅವರು ವಾದಿಸಬಹುದಿತ್ತು, ಕಲಿತ ಹುಡುಗಿಯೆಂದು ವಾದಿಸಲಿಲ್ಲ. “ನನಗ ವಯಸ್ಸಾತು. ನಂದು ತೆಗದುಬಿಡವ್ವಾ. ಹುಡುಗೋರು ಬರಸ್ತಾರ, ಸಾಕು,” ಎಂದು ಫೋನನ್ನು ಅವಳ ಮುಂದೆ ಸರಿಸಿದರು. ನನ್ನದೇ ವಯಸ್ಸಿನ ಮನುಷ್ಯ, ತಪ್ಪಿಲ್ಲದ ತಪ್ಪನ್ನು ಹೊತ್ತುಕೊಂಡು ತನ್ನನ್ನು ತಾನೇ ಹೊರಗಿಟ್ಟುಕೊಳ್ಳುತ್ತಿದ್ದ.

“ನೀವು ದಂಡಿಗೆ ಬಂದಾಗ ಹೊತ್ತು ಮೂಡಿತ್ತೇನ್ರಿ?” ಎಂದು ಕೇಳಿದೆ.

“ಎಲ್ಲೀದ್ರಿ ಆಚಾರ್ರ, ಇನ್ನೂ ಚುಕ್ಕಿ ಇದ್ವು.”

“ಅಂದ್ರ ಅದು ಯಾವ ವಾರ?”

“ಶನಿವಾರನ. ಹೊತ್ತು ಮೂಡದ ಐತವಾರ ಹೆಂಗ ಆಗ್ತದ?”

ಮೊಮ್ಮಗಳು ಅವರನ್ನು ನೋಡಿದಳು, ಬಳಿಕ ನನ್ನನ್ನು.

“ಇದು ನಿಮಗ ಗೊತ್ತಿತ್ತಾ ತಾತ?”

“ಗೊತ್ತಿತ್ತು.”

“ನಾ ಹಾಳಿ ತೋರಿಸಿದಾಗಿಂದ?”

“ಅವಾಗಿಂದ.”

ಅವಳು ಲ್ಯಾಪ್‌ಟಾಪಿನ ಕಡೆಗೆ ತಿರುಗಿ ಬಹಳ ಹೊತ್ತು ತಿದ್ದಿದಳು. ವಾರ ತುಂಬುವ ಜಾಗದ ಕೆಳಗೆ ಹೊಸದೊಂದು ಪ್ರಶ್ನೆ ಇಡಬೇಕಾಗಿತ್ತು. ಸೂರ್ಯೋದಯದ ಸಮಯಗಳನ್ನು ಓದಿ ಹೇಳಲೆಂದು ಚೀಲದಿಂದ ಪಂಚಾಂಗ ತೆಗೆದೆ. “ಅದು ತಾನ ಬರತದ ತಾತ,” ಎಂದಳು. ಆದರೆ ನನ್ನ ಮುಖ ನೋಡಿ, “ಪ್ರಶ್ನಿ ಹೆಂಗ ಬರೀಲಿ, ನೀವ ಹೇಳ್ರಿ,” ಎಂದಳು.

ನಾನು ಯೋಚಿಸಿ ಹೇಳಿದೆ: “ತಮ್ಮ ಪ್ರತ್ಯಾಗಮನವು ಸೂರ್ಯೋದಯಕ್ಕೆ ಪೂರ್ವದಲ್ಲಿಯೋ ಅನಂತರದಲ್ಲಿಯೋ?”

ಹಿರಿಯರು ಗೌರವದಿಂದ ತಲೆದೂಗಿದರು. “ಬಾಳ ಚಲೋ ಐತ್ರಿ. ಏನು ಕೇಳಾಕತ್ತದ ಇದು?”

ಮೊಮ್ಮಗಳು ತುಟಿ ಕಚ್ಚಿ ನಗು ತಡೆದಳು. “ನೀವು ಹೆಂಗ ಕೇಳ್ತೀರಿ ಅಜ್ಜಾ?”

“ಹೊತ್ತು ಮೂಡೂ ಮೊದಲ ಬಂದ್ಯೋ, ಮೂಡಿದ ಮ್ಯಾಲೋ? ಅಷ್ಟ.”

ಅವಳು ಅದನ್ನೇ ಬರೆದಳು. ನಾನು ನನ್ನ ತಪ್ಪು ಒಪ್ಪಿಕೊಂಡು ಗಳಿಗೆಯೂ ಆಗಿರಲಿಲ್ಲ. ಎದೆಯೊಳಗೆ ಅದೇ ಮುಳ್ಳು ಮತ್ತೆ ಆಡಿತು. ಆ ವಾಕ್ಯ ನನ್ನದಕ್ಕಿಂತ ಚೆನ್ನಾಗಿದೆ ಎಂಬುದೇ ಅದರ ನೋವು.

ಹಿಂದಿರುಗುವಾಗ ಬಸ್ಸಿನಲ್ಲಿ ಮೊಮ್ಮಗಳು ಕೇಳಿದಳು: “ಯಾಕ ಹೇಳಲಿಲ್ಲ?”

“ನೀ ಅವರನ್ನ ಅಜ್ಜ ಅಂತೀದಿ.”

“ನಿಮ್ಮನ್ನ ಅಜ್ಜ ಅಂದ್ರ ನೀವು ತಿರುಗಿ ಸುದ್ದ ನೋಡೂದಿಲ್ಲ,” ಎಂದು ಕಿಟಕಿಯ ಕಡೆ ಮುಖ ಮಾಡಿದಳು. ಕೋಪ ಪೂರ್ತಿ ಇಳಿದಿರಲಿಲ್ಲ. ಇಳಿಯಬೇಕೆಂದು ಕೇಳುವ ಅಧಿಕಾರವೂ ನನಗಿರಲಿಲ್ಲ.

ಈಗ ಬೆಳಿಗ್ಗೆ ನಾನು ಪಂಚಾಂಗ ತೆರೆಯುವ ಹೊತ್ತಿಗೆ ಅವಳು ಎದುರಿನಲ್ಲಿ ಕುಳಿತು ಫೋನಿನಲ್ಲಿ ಅಪ್ಲಿಕೇಶನ್ ತೆರೆಯುತ್ತಾಳೆ. ಆ ಹಿರಿಯರು ಹೊತ್ತು ಮೂಡುವ ಮೊದಲೇ ಬಂದರೋ ಎಂದು ನಾನೇ ಕೇಳುತ್ತೇನೆ. “ಬಂದಾರ, ಅಜ್ಜ,” ಎನ್ನುತ್ತಾಳೆ. ಅವಳು ಅಜ್ಜ ಎಂದದ್ದು ಅವರನ್ನೇ ಎಂದು ತಿಳಿದೂ ನಾನು ಒಮ್ಮೆ ತಲೆ ಎತ್ತಿ ನೋಡುತ್ತೇನೆ.