ಒಬ್ಬರೇ ಇರುವ ಸಿಬ್ಬಂದಿ ವರ್ಗ

ನಮ್ಮೂರ ಶಾಲೆಗೆ ಐದು ತರಗತಿ, ಒಂದು ಕೋಣೆ, ಒಬ್ಬರೇ ಮೇಷ್ಟ್ರು. ಪದ್ಯ ಹೇಳಿಕೊಡುವಾಗ ಅವರ ಕನ್ನಡಕ ಹಣೆಗೇರುತ್ತದೆ, ಲೆಕ್ಕಕ್ಕೆ ಮೂಗಿನ ತುದಿಗಿಳಿಯುತ್ತದೆ, ಹೆಡ್‌ಮಾಸ್ಟರಾದ ಕೂಡಲೇ ಜೇಬು ಸೇರುತ್ತದೆ. "ಏನ್ರೀ ಲೆಕ್ಕದ ಮೇಷ್ಟ್ರೇ, ಇದೇನಾ ಕ್ಲಾಸಿಗೆ ಬರೋ ಹೊತ್ತು?" ಎಂದು ಬಾಗಿಲಲ್ಲಿ ನಿಂತು ಗದರುತ್ತಾರೆ, ಒಳಗೆ ಬಂದು, "ತಪ್ಪಾಯ್ತು ಸಾರ್, ಆ ಪದ್ಯದೋರು ಬೇಗ ಬಿಡ್ಲಿಲ್ಲ" ಎಂದು ತಲೆ ತಗ್ಗಿಸುತ್ತಾರೆ. ಜ್ವರ ಬಂದರೆ ರಜೆ ಅರ್ಜಿ ಬರೆದು, ಮೇಜಿನ ಆಚೆ ಬದಿಗೆ ಹೋಗಿ ಕೂತು, "ಬದಲಿ ಶಿಕ್ಷಕರಿಲ್ಲ, ತಿರಸ್ಕರಿಸಲಾಗಿದೆ" ಎಂದು ತಾವೇ ಸಹಿ ಹಾಕಿ, ದಿನವಿಡೀ ಹೆಡ್‌ಮಾಸ್ಟರ ಮೇಲೆ ಮುಖ ಊದಿಸಿಕೊಂಡಿರುತ್ತಾರೆ. ಸಂಜೆ ಹೆಂಡತಿ ಬಾಗಿಲಲ್ಲೇ ತಡೆಯುತ್ತಾರೆ: "ಹೆಡ್‌ಮಾಸ್ಟ್ರು ಹೊರಗೇ ಇರ್ಲಿ, ಮಿಕ್ಕೋರೆಲ್ಲ ಊಟಕ್ಕೆ ಬನ್ನಿ." ಎರಡನೆಯ ಶಿಕ್ಷಕರನ್ನು ಕಳಿಸುತ್ತೇವೆಂದು ಇಲಾಖೆಯಿಂದ ಕಾಗದ ಬಂದು ಒಂಬತ್ತು ವರ್ಷವಾಯಿತು. ಅವರಿಗೆಂದು ತರಿಸಿಟ್ಟ ಕುರ್ಚಿಯನ್ನು ಮೇಷ್ಟ್ರು ದಿನಾ ಬೆಳಿಗ್ಗೆ ಒರೆಸುತ್ತಾರೆ. ಮೊನ್ನೆ ತಪಾಸಣೆಗೆ ಬಂದ ಸಾಹೇಬರು ಅದರಲ್ಲಿ ಕೂರಲು ಹೋದಾಗ ಮಾತ್ರ ಮೇಷ್ಟ್ರಿಗೆ ಕನ್ನಡಕವನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಹೇಳಿದರು: "ಅದ್ರಲ್ಲಿ ಬೇಡಿ ಸಾರ್, ನನ್ನ ಕುರ್ಚೀಲಿ ಕೂತ್ಕೊಳ್ಳಿ. ಅವರು ಬರೋ ಹೊತ್ತಾಯ್ತು."