ಹಾಲು ಹುಳಿಯಾದರೂ ಸರ್ವರ್ ಹಸಿರು

ಗಡಿಯಾಚೆಯ ಉಮರ್ಗಾಕ್ಕೆ ಬಂದ ಮರುದಿನವೇ ಮನೆಯೊಡತಿ ಲಕ್ಕವ್ವ ನನ್ನನ್ನು ಕನ್ನಡದಲ್ಲೇ ಬೈದರು, ನನಗೆ ಅರ್ಥವಾಗಲಿಲ್ಲ.

"ಖೋಲಿ ಝಾಡಿಸಿ ಕಚರಾ ಪಾಯರಿ ಮ್ಯಾಲ ಇಟ್ರ ಯಾರು ತಗೀಬೇಕ್ರೀ?"

ಖೋಲಿ ಎಂದರೆ ಕೋಣೆ, ಕಚರಾ ಕಸ, ಪಾಯರಿ ಮೆಟ್ಟಿಲು. ಚಾಮರಾಜನಗರದಲ್ಲಿ ಹುಟ್ಟಿ ಬೆಳೆದ ನಾನು ನನ್ನದೇ ಭಾಷೆಯಲ್ಲಿ ಬೈಸಿಕೊಂಡು, ಅದರ ಅರ್ಥವನ್ನು ಪಕ್ಕದ ಮನೆಯವರಿಂದ ಕೇಳಿ ತಿಳಿಯಬೇಕಾಯಿತು.

ಕೆಲಸ ಒಂದು ಖಾಸಗಿ ಹಾಲು ಶೀತಲೀಕರಣ ಕೇಂದ್ರದ ಕಂಪ್ಯೂಟರ್ ವಿಭಾಗದಲ್ಲಿ. ವಿಭಾಗವೆಂದರೆ ನಾನೊಬ್ಬಳೇ. ಅಲ್ಲಿ ಮಾತೆಲ್ಲ ಮರಾಠಿ. ನಮ್ಮೂರಿನ ಕಚೇರಿಯಲ್ಲಿ ಊಟಕ್ಕೆ ಯಾರಾದರೂ ಕರೆಯುತ್ತಿದ್ದರು. ಇಲ್ಲಿ ಒಬ್ಬಳೇ ಜೋಳದ ರೊಟ್ಟಿ ಮುರಿಯುತ್ತಾ, ಕಣ್ಣೀರು ಶೇಂಗಾ ಚಟ್ನಿಯ ಖಾರಕ್ಕೆ ಬಂತೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಂಜೆ ಮಾತಿಗೆ ಸಿಗುತ್ತಿದ್ದವರು ಲಕ್ಕವ್ವ ಮಾತ್ರ. ಅವರದು ಕುರಿಗಾಹಿಗಳ ದೇವರು ಬೀರಪ್ಪನ ಒಕ್ಕಲು. ಕುರಿಗಳ ಜೊತೆಗೆ ಎರಡು ಎಮ್ಮೆ. ಕನ್ನಡ ಮಾತಾಡುವ ಅವರ ಓಣಿಯ ಹಾಲೆಲ್ಲ ನಮ್ಮ ಕೇಂದ್ರಕ್ಕೇ ಬರುತ್ತಿತ್ತು.

ಬೇಸಿಗೆಯಲ್ಲಿ ಟ್ಯಾಂಕಿನ ಹಾಲು ಮೇಲಿಂದ ಮೇಲೆ ಹುಳಿಯಾಗತೊಡಗಿತು. ಮ್ಯಾನೇಜರ್ ವಿಚಾರಿಸಲಿಲ್ಲ. ಆ ಓಣಿಯವರ ಕ್ಯಾನುಗಳೇ ಹೊಲಸು ಎಂದು ಅವರ ಹಾಲನ್ನು ಗೇಟಿನಲ್ಲೇ ತಡೆದರು.

"ಎಮ್ಮಿ ತೊಳದು, ಕ್ಯಾನ ತೊಳದು ಕೊಟ್ಟೀವಿ. ನಾಕ ಮಂದಿ ಮುಂದ ಹೊಲಸ ಮಂದಿ ಅಂದಾರಲ್ರೀ," ಎಂದರು ಲಕ್ಕವ್ವ.

ನಾನು ಕುದಿದುಹೋದೆ. ಸರ್ವರಿನ ಮೇಲೆ ಸದಾ ಕಣ್ಣಿಡುವ ತಂತ್ರಾಂಶವೊಂದು ನಮ್ಮಲ್ಲಿತ್ತು. ಪ್ರೊಸೆಸರ್, ಮೆಮೊರಿ, ಡಿಸ್ಕ್, ಅದಕ್ಕೆ ಹುಟ್ಟಿನಿಂದ ಗೊತ್ತಿದ್ದದ್ದು ಇಷ್ಟೇ. ಇವು ಸರಿಯಿದ್ದರೆ ಪರದೆ ಹಸಿರು. ಮ್ಯಾನೇಜರ್ ದಿನವೂ ಆ ಹಸಿರನ್ನು ತೋರಿಸಿ "ಸಗಳ ಠೀಕ" ಅನ್ನುತ್ತಿದ್ದರು, ಎಲ್ಲ ಸರಿಯಿದೆಯೆಂದು. ಹಾಲಿನ ಬಗ್ಗೆ ಆ ಪರದೆಗೆ ಏನೂ ತಿಳಿಯದು. ಟ್ಯಾಂಕಿನ ತಾಪಮಾಪಕದ ತಂತಿ ಅದೇ ಸರ್ವರಿಗೆ ಸೇರಿದ್ದರೂ ಬಂದ ಅಂಕಿಯನ್ನು ಯಾರೂ ನೋಡುತ್ತಿರಲಿಲ್ಲ.

ತಂತ್ರಾಂಶಕ್ಕೆ ತಿಳಿಯದ ಅಳತೆಯನ್ನು ನಾವೇ ಹೆಸರಿಟ್ಟು ಅದಕ್ಕೆ ಉಣಿಸಬಹುದು. ಆಗಾಗ ತಾಪಮಾನ ಓದಿ ಕಳಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆ. ತಂತ್ರಾಂಶ ಒಪ್ಪಲಿಲ್ಲ. ಅದಕ್ಕೆ ಬರೀ ಅಂಕಿ ಬೇಕು. ನನ್ನದು ಡಿಗ್ರಿಯ ಗುರುತನ್ನೂ ಅಂಟಿಸಿಕೊಂಡು ಹೋಗುತ್ತಿತ್ತು. ಗುರುತನ್ನು ಕತ್ತರಿಸಿದೆ. ಪರದೆಯ ಮೇಲೆ 'ಹಾಲು' ಎಂಬ ಹೊಸ ಗೆರೆ ಮೂಡಿತು. ಮಿತಿ ದಾಟಿದರೆ ಮುಖ್ಯ ಕಚೇರಿಗೂ ಎಚ್ಚರಿಕೆ ಹೋಗುವಂತೆ ಮಾಡಿದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸರ್ವರಿಗೆ ಬ್ಯಾಟರಿ ಇತ್ತು. ಅದು ಹಸಿರಾಗಿಯೇ ಉಳಿಯಿತು. ಟ್ಯಾಂಕಿನ ಜನರೇಟರ್ ತಾನಾಗಿ ಶುರುವಾಗಬೇಕಿತ್ತು, ಆಗಲಿಲ್ಲ. ಹಾಲಿನ ಗೆರೆ ಮೇಲೇರಿ ಕೆಂಪಾಯಿತು.

ಓಡಿಬಂದ ಮ್ಯಾನೇಜರ್ ನೋಡಿದ್ದು ಟ್ಯಾಂಕನ್ನಲ್ಲ, ಪರದೆಯನ್ನು. ಈ ಹಾಲಿನ ಗೆರೆ ತೆಗೆದುಹಾಕಿ ಎಂದು ಮರಾಠಿಯಲ್ಲಿ ಗದರಿ, ಆಮೇಲೆ ಕನ್ನಡಕ್ಕೆ ತಿರುಗಿದರು. "ನೀವು ಕರ್ನಾಟಕದವ್ರು. ನಿಮ್ಮ ಮಂದಿ ಬಾಜೂನೇ ಹಿಡೀತೀರಿ."

ಲಕ್ಕವ್ವನ ಮುತ್ತಜ್ಜಂದಿರು ಇದೇ ಮಣ್ಣಲ್ಲಿ ಕುರಿ ಕಾದವರು. ನಿನ್ನೆ ಮೊನ್ನೆ ಬಂದವಳು ನಾನು. "ಕಾಢಣಾರ ನಾಹೀ," ಎಂದೆ. ತೆಗೆಯುವುದಿಲ್ಲ. ತಡವರಿಸದೆ ನಾನಾಡಿದ ಮೊದಲ ಮರಾಠಿ ವಾಕ್ಯ ಅದು.

ಎಚ್ಚರಿಕೆ ಆಗಲೇ ಮುಖ್ಯ ಕಚೇರಿ ಮುಟ್ಟಿತ್ತು. ಕರೆಂಟು ಹೋದಾಗಲೆಲ್ಲ ಕೈಕೊಡುತ್ತಿದ್ದ ಜನರೇಟರ್ ದುರಸ್ತಿಯಾಯಿತು, ಓಣಿಯ ಹಾಲಿಗೆ ಗೇಟು ತೆರೆಯಿತು. ತಪ್ಪಾಯಿತೆಂದು ಮಾತ್ರ ಯಾರೂ ಹೇಳಲಿಲ್ಲ. ನಾನು ಗೆದ್ದವಳ ಹಾಗೆ ಸುದ್ದಿ ತಂದರೆ, ಲಕ್ಕವ್ವ ಎಮ್ಮೆಗೆ ಮೇವು ಹಾಕುವುದನ್ನು ನಿಲ್ಲಿಸಲಿಲ್ಲ.

"ಹಾಲು ಈಗ ಯೆಣೆಗೂರ ಧಾಬಾಕ್ಕ ಹಾಕ್ಲಿಕ್ಕತ್ತೀವ್ರೀ. ಆ ಗೇಟಿಗೆ ಇನ್ನ ಒಲ್ಲೆವು."

"ತಪ್ಪು ನಿಮ್ಮದಲ್ಲ ಅಂತ ಗೊತ್ತಾಯ್ತಲ್ಲ?"

"ನಮಗ ಮೊದಲೇ ಗೊತ್ತಿತ್ತು. ನಿಮ್ಮ ಆಫೀಸಿಗೆ ಈಗ ಗೊತ್ತಾತು."

ನಿಮ್ಮ ಆಫೀಸು. ಸಿಟ್ಟಿತ್ತು, ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

ಈಗ ಮುಖ್ಯ ಕಚೇರಿ ನಿಲಂಗಾ, ಉದಗೀರ ಕೇಂದ್ರಗಳಲ್ಲೂ ಹಾಲಿನ ಗೆರೆ ಹಾಕಿಸಲು ನನ್ನನ್ನು ಕಳಿಸುತ್ತದೆ. ಮೊನ್ನೆ ಉದಗೀರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾವೂರೆಂದು ಮರಾಠಿಯಲ್ಲಿ ಕೇಳಿದಳು. "ಉಮರ್ಗ್ಯಾಚೀ," ಎಂದುಬಿಟ್ಟೆ, ಉಮರ್ಗಾದವಳು. ಅವಳು ನನ್ನ ಉಚ್ಚಾರಕ್ಕೆ ನಕ್ಕು, "ಮೂಳ ಗಾವ?" ಎಂದಳು. ಮೂಲ ಊರು ಯಾವುದು ಎಂದು. ಮತ್ತೆ ಸಿಟ್ಟು ನೆತ್ತಿಗೇರಿತು. ಚಾಮರಾಜನಗರ ಎಂದೆ. ಅದೂ ಮರಾಠಿಯ ರಾಗದಲ್ಲೇ ಬಾಯಿಂದ ಬಂತು.