ಫಿನಾಯಿಲಕ್ಕನ ಬೂಷ್ಟು

ಓಣಿಯವರು ಅವಳಿಗೆ ಫಿನಾಯಿಲಕ್ಕ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಬಂದ ನೆಂಟರು ಮೆಟ್ಟಿಲಿಳಿಯುವುದನ್ನೂ ಕಾಯದೆ ಅವರು ಕೂತ ಜಾಗ ಒರೆಸುವ ಹೆಂಗಸು. ಬ್ರೆಡ್ಡಿನ ಮೂಲೆಯಲ್ಲಿ ಒಂದು ಚುಕ್ಕೆ ಬೂಷ್ಟು ಕಂಡರೆ ಬ್ರೆಡ್ಡಿನ ಜೊತೆ ಡಬ್ಬಿಯನ್ನೂ ಎಸೆಯುವಳು. ಅಂಥವಳು ಈಗ ಮನೆಯೊಳಗೇ ಬೂಷ್ಟು ಸಾಕುತ್ತಾಳೆ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಡೆದದ್ದು ನಡೆದದ್ದೇ.

ಗಂಡ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿ ಇವಳು, ಕಣ್ಣು ಮಂಜಾದ ಅತ್ತೆ, ಹಿತ್ತಲಾಚೆ ಜೀರಿಗೆ ಹೊಲ. ಎರಡು ವರ್ಷದಿಂದ ಆ ಹೊಲಕ್ಕೆ ಸೊರಗು ರೋಗ ಹಿಡಿದಿತ್ತು. ಗಿಡ ಚೆನ್ನಾಗಿಯೇ ಏಳುತ್ತಿತ್ತು, ಹೂ ಬಿಡುವ ಹೊತ್ತಿಗೆ ತಲೆ ಬಾಗಿಸಿ ಒಣಗುತ್ತಿತ್ತು. ಹೊಡೆದ ಔಷಧಿಯೆಲ್ಲ ದಂಡವಾಯಿತು. ಅತ್ತೆ ಮೂವತ್ತು ವರ್ಷದಿಂದ ಆರಿಸಿ ಆರಿಸಿ ಉಳಿಸಿಕೊಂಡು ಬಂದ ಬೀಜ ಒಂದೇ ಡಬ್ಬಿಗೆ ಇಳಿದಿತ್ತು. ಈ ಸಲವೂ ಸೊರಗಿದರೆ ಆ ಬೀಜದ ಕಥೆ ಮುಗಿದಂತೆ.

ಆಗ ಬಂದವರು ಕೃಷಿ ಇಲಾಖೆಯ ಮೇಡಂ.

"ರೋಗ ಇರೋದು ಮಣ್ಣಲ್ಲಿ ಅಕ್ಕಾ, ಅದೂ ಒಂಥರಾ ಬೂಷ್ಟೇ. ಅದನ್ನ ತಿಂದುಹಾಕೋ ಇನ್ನೊಂದು ಬೂಷ್ಟು ಇದೆ, ಹಸಿರು ಬಣ್ಣದ್ದು. ಹಳೇ ಗೊಬ್ಬರಕ್ಕೆ ಅದಿರೋ ಈ ಪುಡಿ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿಡಿ. ಹದಿನೈದು ದಿನ ಬಿಟ್ಟು ಹೊಲಕ್ಕೆ ಹಾಕಿ, ಆಮೇಲೆ ಬಿತ್ತಿ."

ಅವರ ಬಳಿ ಇದ್ದದ್ದು ಒಂದೇ ಪ್ಯಾಕೆಟ್. ಇನ್ನೊಂದು ಬರುವಷ್ಟರಲ್ಲಿ ಬಿತ್ತನೆಯ ಕಾಲವೇ ಮುಗಿದಿರುತ್ತದೆ ಎಂದರು.

ಫಿನಾಯಿಲಕ್ಕ ಮೂಗು ಮುಚ್ಚಿಕೊಂಡೇ ಗೊಬ್ಬರಕ್ಕೆ ಪುಡಿ ಬೆರೆಸಿ ಹಿತ್ತಲ ಶೆಡ್ಡಿನಲ್ಲಿ ಗುಡ್ಡೆ ಹಾಕಿದಳು. ಅದೇ ವಾರ ಅತ್ತೆ ಸೊಸೆಗೆ ಒಂದು ಜಗಳವೂ ಆಯಿತು. "ನನ್ನ ಮಂಚದ ಹತ್ರ ಪೊರಕೆ ತರಬೇಡ, ದೂಳಿಗೆ ಕೆಮ್ಮು ಬರುತ್ತೆ" ಎಂದು ಅತ್ತೆಯ ಹಟ. ಇವಳು ಗೊಣಗುತ್ತಲೇ ಸುಮ್ಮನಾದಳು.

ಆರನೆಯ ಬೆಳಿಗ್ಗೆ ಗೋಣಿ ಎತ್ತಿದರೆ ಹಸಿರಿನ ಸುಳಿವಿಲ್ಲ. ಗುಡ್ಡೆಯ ಮೇಲೆಲ್ಲ ಹಿಂಜಿದ ಹತ್ತಿಯ ಹಾಗೆ ಬೆಳ್ಳಗೆ ಹಬ್ಬಿಕೊಂಡಿದೆ. ಕೆಟ್ಟುಹೋಯಿತು ಅಂದುಕೊಂಡಳು. ಬುದ್ಧಿ ಯೋಚಿಸುವ ಮೊದಲೇ ಕೈ ತನ್ನ ಕೆಲಸ ಮಾಡಿತು. ನೆಲ ಒರೆಸಲು ತಂದಿದ್ದ ಅರ್ಧ ಬಕೆಟ್ ಫಿನಾಯಿಲ್ ನೀರು ಗುಡ್ಡೆಯ ನೆತ್ತಿಗೆ ಬಿತ್ತು.

ವಾಸನೆ ಒಳಗಿದ್ದ ಅತ್ತೆಯ ಮೂಗಿಗೆ ಬಡಿಯಿತು. ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದರು.

"ಏನೇ ಸುರಿದೆ?"

"ಬಿಳೀ ಬೂಷ್ಟು ಬಂದಿತ್ತು ಅತ್ತೆ..."

"ಮೊದಲು ಬಿಳಿ, ಆಮೇಲೆ ಹಸಿರು ಅಂತ ಮೇಡಂ ಹೇಳಲಿಲ್ವೇನೇ? ನಿನಗೆಲ್ಲಿ ಕೇಳಿಸ್ಬೇಕು, ನೀನು ಅವರ ಚಪ್ಪಲಿ ಮಣ್ಣು ಒರೆಸ್ತಾ ಇದ್ದೆ!"

ಇದ್ದ ಒಂದೇ ಪ್ಯಾಕೆಟ್ಟನ್ನು, ಅದರ ಜೊತೆ ಅತ್ತೆಯ ಬೀಜವನ್ನೂ ಕೈಯಾರೆ ಕೊಂದಿದ್ದಳು. ಒದ್ದೆ ನೆಲ, ಸೀರೆ ಕೊಳೆಯಾಗುತ್ತದೆ ಎಂಬುದನ್ನೂ ಮರೆತು ಅಲ್ಲೇ ಕುಸಿದು ಅತ್ತಳು. ಅತ್ತೆ ಸ್ವಲ್ಪ ಹೊತ್ತು ಅಳಲು ಬಿಟ್ಟರು.

"ಸಾಕು ಏಳು. ನನ್ನ ಮಂಚದ ಕೆಳಗೆ ಕೈ ಹಾಕು."

ಮಂಚದ ಕೆಳಗೆ ಹಳೆಯ ಟ್ರಂಕು, ಅದರ ಹಿಂದೆ ಪ್ಲಾಸ್ಟಿಕ್ ಟಬ್ಬು, ಟಬ್ಬಿನ ಮೇಲೆ ಒದ್ದೆ ಗೋಣಿ. ಸರಿಸಿದರೆ ಬಿಳಿಯ ನಡುವೆ ಅಲ್ಲಲ್ಲಿ ಹಸಿರು. ಗೊಬ್ಬರದಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ಎರಡು ದಿನದಿಂದ ಆ ವಾಸನೆ ಅತ್ತೆಯ ತಲೆಗೆಣ್ಣೆಯದೆಂದು ಇವಳು ತಿಳಿದಿದ್ದಳು.

"ನಿನ್ನ ಕೈ ನನಗೆ ಗೊತ್ತಿಲ್ವೇನೇ?" ಎಂದರು ಅತ್ತೆ. "ಗುಡ್ಡೆ ಹಾಕಿದ ದಿನಾನೇ ನಾಲ್ಕು ಬೊಗಸೆ ಎತ್ತಿಟ್ಟೆ. ಬಿಂದಿಗೆ ಎತ್ತೋ ಶಕ್ತಿ ನನಗೆಲ್ಲಿದೆ? ನೀನು ಕುಡಿಯೋಕೆ ಕೊಡೋ ನೀರಲ್ಲೇ ಉಳಿಸಿ ಚಿಮುಕಿಸ್ದೆ."

ಫಿನಾಯಿಲಕ್ಕ ಅತ್ತೆಯ ಮೊಣಕಾಲಿಗೆ ಹಣೆ ಒತ್ತಿ ಕೂತುಬಿಟ್ಟಳು. ಆಮೇಲೆ ಎದ್ದು ಟಬ್ಬಿನದ್ದನ್ನೇ ಹೆಪ್ಪಾಗಿ ಬೆರೆಸಿ ಹೊಸ ಗುಡ್ಡೆ ಹಾಕಿದಳು. ಫಿನಾಯಿಲ್ ಬಾಟಲಿಯನ್ನು ಪಕ್ಕದ ಮನೆಯಾಕೆಗೆ ಕೊಟ್ಟು, "ನಾನೇ ಬಂದು ಕೇಳಿದ್ರೂ ಕೊಡಬೇಡಿ" ಎಂದು ಹೇಳಿ ಬಂದಳು.

ಬಿತ್ತನೆ ಒಂದು ವಾರ ತಡವಾಯಿತು. ಆ ವರ್ಷವೂ ಹೊಲದಲ್ಲಿ ಎರಡು ಮೂರು ಕಡೆ ಗಿಡ ಸೊರಗಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಉಳಿದದ್ದೆಲ್ಲ ಹೂ ಬಿಟ್ಟು ಕಾಳು ಕಟ್ಟಿತು. ಮೊದಲ ಬೊಗಸೆ ಕಾಳನ್ನು ಅವಳು ಅತ್ತೆಯ ಅಂಗೈಗೆ ಸುರಿದಳು. ಅತ್ತೆ ಉಜ್ಜಿ, ಮೂಸಿ, "ನಮ್ಮದೇ" ಎಂದರು.

ಈಗಲೂ ಫಿನಾಯಿಲಕ್ಕ ದಿನಕ್ಕೆರಡು ಸಲ ಮನೆ ಒರೆಸುತ್ತಾಳೆ. ಬಿತ್ತನೆಯ ಮುಂಚಿನ ದಿನಗಳಲ್ಲಿ ಅತ್ತೆಯ ಮಂಚದ ಹತ್ತಿರ ಬಂದಾಗ ಮಾತ್ರ ಬಟ್ಟೆ ಪಕ್ಕಕ್ಕಿಟ್ಟು, ಮಂಡಿಯೂರಿ, ಅತ್ತೆ ಕುಡಿದು ಉಳಿಸಿದ ಲೋಟದ ನೀರನ್ನು ಟಬ್ಬಿಗೆ ಚಿಮುಕಿಸುತ್ತಾಳೆ.